ಸೈಮನ್ ಅಂದ್ರ ಯಾರ್ರೀ ಸರ?

ಐವತ್ತು ದಾಟಿದ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವ, ಮಗಳ ಮದುವೆಯ ಸಾಲ ಇನ್ನೂ ಹರಿಯದ ನಾಲ್ವತ್ತು ಮಂದಿ ಮಾಸ್ತರರು ಒಂಟಿ ಕಾಲಿನ ಮೇಲೆ ನಿಂತು, ಎರಡೂ ಕೈ ಅಗಲಿಸಿ, "ಐ ಆಮ್ ಅ ಟ್ರೀ" ಎಂದು ಒದರುವುದನ್ನು ನೀವು ನೋಡಿಲ್ಲವೆಂದರೆ ಇಂಗ್ಲಿಷ್ ತರಬೇತಿ ಎಂದರೇನೆಂದು ನಿಮಗೆ ಗೊತ್ತಿಲ್ಲ. ನಾನು ನೋಡಿದ್ದೇನೆ. ನೋಡಿದ್ದೇನೆ ಏನು ಬಂತು, ಆ ನಾಲ್ವತ್ತರಲ್ಲಿ ನಾನೂ ಒಂದು ಮರ. ನನ್ನ ಪಕ್ಕದ ಮರಕ್ಕೆ ಶುಗರ್. ಅದರಾಚೆಯ ಮರ ಮಧ್ಯಾಹ್ನ ಎರಡು ಹೋಳಿಗೆ ಹೆಚ್ಚಿಗೆ ಹೊಡೆದು ಅರೆನಿದ್ದೆಯಲ್ಲಿತ್ತು. ಸಂಪನ್ಮೂಲ ವ್ಯಕ್ತಿ, ಅಂದರೆ ನಮಗಿಂತ ಹದಿನೈದು ವರ್ಷ ಸಣ್ಣವನಾದ, ಹೋದ ತಿಂಗಳಷ್ಟೇ ತಾನೂ ಎಲ್ಲೋ ಮರವಾಗಿ ಬಂದ ಹುಡುಗ, ಚಪ್ಪಾಳೆ ತಟ್ಟಿ "ವಿಂಡ್ ಈಸ್ ಕಮಿಂಗ್" ಅಂದ. ಓಲಾಡಿದೆವು. ಓಲಾಡಿದ್ದರ ಫೋಟೋ ವಾಟ್ಸಪ್ಪಿಗೆ ಬಂತು. ಮನೆಯಾಕೆ ಅದನ್ನು ದೊಡ್ಡದು ಮಾಡಿ ನೋಡಿ, "ಅಲ್ರೀ, ಇದಕ್ಕೂ ಸರಕಾರ ಭತ್ತೆ ಕೊಡತೈತೇನು?" ಎಂದು ಕೇಳಿದಳು.

ಕೊಡುತ್ತದೆ. ಇಂಗ್ಲಿಷ್ ಕಲಿಸುವುದನ್ನು ಕಲಿಸುವ ದೊಡ್ಡ ಮಠ ಬೆಂಗಳೂರಿನಲ್ಲಿದೆ, 1963ರಲ್ಲಿ ಶುರುವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ಅಲ್ಲಿ ಮೂವತ್ತು ದಿನ ಇದ್ದು ಬಂದವನಿಗೆ ನಮ್ಮ ಕಡೆ ಕಾಶಿಗೆ ಹೋಗಿಬಂದವನ ಮರ್ಯಾದೆ. ಕಾಶಿಯಿಂದ ಗಿಂಡಿಯಲ್ಲಿ ಗಂಗೆ ತರುತ್ತಾರೆ, ಇವರು ಚೀಲದಲ್ಲಿ ಆಟ ತರುತ್ತಾರೆ. ಮಿಂಚುಪಟ್ಟಿ, ಮುಖವಾಡ, ಬಣ್ಣದ ಕಾಗದ, ದಾಳ. ಅವನ್ನು ನಾವು ನಮ್ಮೂರ ಹುಡುಗರ ಮೇಲೆ ಪ್ರೋಕ್ಷಣೆ ಮಾಡಬೇಕು.

ನಮ್ಮಪ್ಪನ ಕಾಲಕ್ಕೆ ಈ ಕಾಟವಿರಲಿಲ್ಲ. ಆಗ ನಮ್ಮದು ಮುಂಬಯಿ ರಾಜ್ಯ. ಮುಲ್ಕಿ ಪರೀಕ್ಷೆಯ ಹೊಳೆ ದಾಟಿ ಎಂಟನೆಯ ಇಯತ್ತೆಗೆ ಕಾಲಿಟ್ಟ ಮೇಲೆಯೇ ಎ ಬಿ ಸಿ ಡಿಯ ದರ್ಶನ. ಕೈಯಲ್ಲಿ ತರ್ಖಡಕರ ಭಾಷಾಂತರ ಪಾಠಮಾಲೆ, ಗುರುಗಳ ಕೈಯಲ್ಲಿ ಬೆತ್ತ. ಆ ಪದ್ಧತಿಯಲ್ಲಿ ತಯಾರಾದ ಅಪ್ಪ ಇಂಗ್ಲಿಷಿನಲ್ಲಿ ಅರ್ಜಿ ಬರೆದರೆ ಮಾಮಲೇದಾರ ಎದ್ದು ನಿಲ್ಲಬೇಕು. ಇಂಗ್ಲಿಷಿನಲ್ಲಿ ಯಾರಾದರೂ ಮಾತಾಡಿಸಿದರೆ ಮಾತ್ರ ಅಪ್ಪನೇ ಎದ್ದು ಹೋಗುತ್ತಿದ್ದ. 2007ರಿಂದ ಸರಕಾರಿ ಕನ್ನಡ ಶಾಲೆಗಳಲ್ಲೂ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಬಂತು. ಮೂಗು ಒರೆಸಿಕೊಳ್ಳಲು ಬಾರದ ಕೂಸಿಗೆ ಬೆತ್ತ ತೋರಿಸುವಂತಿಲ್ಲ, ತರ್ಖಡಕರ ತೋರಿಸಿ ಉಪಯೋಗವಿಲ್ಲ. ಹೀಗಾಗಿ ಆಟ. ಮೈಸೂರು ಸೀಮೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ ಕಲಿ ಆ ಹೊತ್ತಿಗೆ ನಡೆಯಲು ಕಲಿತು ನಮ್ಮ ಮಲಪ್ರಭೆಯ ದಂಡೆಗೂ ಬರುವುದಿತ್ತು. "ನಲಿಸು, ಆಮ್ಯಾಲ ಕಲಿಸು" ಎಂಬ ಹುಕುಮು. ನಲಿಸುವವನ ಮೊಣಕಾಲಿನ ಬಗ್ಗೆ ಆ ಹುಕುಮಿನಲ್ಲಿ ಏನೂ ಇರಲಿಲ್ಲ.

ರಾಮದುರ್ಗ, ಸವದತ್ತಿ, ಕಿತ್ತೂರು, ಬೈಲಹೊಂಗಲ ಎಂದು ವರ್ಗವಾಗಿ ವರ್ಗವಾಗಿ ನಾನು ನಾಲ್ಕೂ ಕಡೆ ನೀರು ಕುಡಿದವನು. ನಾಲ್ಕೂ ಕಡೆ ಆಟ ಆಡಿಸಿದ್ದೇನೆ. ಸೋತದ್ದೇ ಹೆಚ್ಚು.

ಕಿತ್ತೂರಿನ ಸೋಲು ಮೊದಲು ಹೇಳಿಬಿಡುತ್ತೇನೆ. ತರಬೇತಿಯಿಂದ ಬಿಸಿಬಿಸಿಯಾಗಿ ಹೊತ್ತು ತಂದ ಆಟ "ಸೈಮನ್ ಸೇಯ್ಸ್". ಹೇಳುವವನು "ಸೈಮನ್ ಸೇಯ್ಸ್, ಸ್ಟ್ಯಾಂಡ್ ಅಪ್" ಅಂದರೆ ನಿಲ್ಲಬೇಕು. ಸೈಮನ್ನನ ಹೆಸರು ಬಿಟ್ಟು ಬರೀ "ಸಿಟ್ ಡೌನ್" ಅಂದಾಗ ಕೂತವನು ಔಟ್. ಎಂಟನೆಯ ಇಯತ್ತೆಗೆ ಇದನ್ನೆಲ್ಲ ವಿವರಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಸರ, ಸೈಮನ್ ಅಂದ್ರ ಯಾರ್ರೀ?"

"ಯಾರೋ ಒಬ್ಬಾಂವ ಬಿಡವಾ."

"ಅಂವ ನನಗ ಗೊತ್ತದಾನ್ರೀ. 1928ರಾಗ ಬಂದಿದ್ನಂತ. ಎಲ್ಲಾರೂ ಕರೀ ಬಾವುಟ ಹಿಡದು ಗೋ ಬ್ಯಾಕ್ ಅಂದಿದ್ರಂತ. ನಿನ್ನೆ ಅಷ್ಟ ಸಮಾಜದ ಸರ ಹೇಳ್ಯಾರ. ಅವರ ಪಿರಿಯಡ್‌ನ್ಯಾಗ ಹಿಂದಕ್ಕ ಹೋಗು ಅನ್ನೂದು, ನಿಮ್ಮ ಪಿರಿಯಡ್‌ನ್ಯಾಗ ಅಂವ ಹೇಳಿದಂಗ ಕುಣಿಯೂದು. ಹೆಂಗ್ರೀ ಸರ ಇದು?"

ಇಂಥ ಪ್ರಶ್ನೆಗೆ ಸಂಪನ್ಮೂಲ ವ್ಯಕ್ತಿಗಳ ಕೈಪಿಡಿಯಲ್ಲಿ ಉತ್ತರವಿರುವುದಿಲ್ಲ. ಕಿಟಕಿಯಾಚೆ ಕೋಟೆಯ ಹಾಳು ಗೋಡೆ ಕಾಣುತ್ತಿತ್ತು. ದತ್ತಕ ಒಪ್ಪುವುದಿಲ್ಲ, ಖಜಾನೆಗೆ ಮುದ್ರೆ ಒತ್ತುತ್ತೇನೆ ಎಂದು ಬಂದ ಧಾರವಾಡದ ಕಲೆಕ್ಟರ ಥ್ಯಾಕರೆ ಸಾಹೇಬ 1824ರ ಅಕ್ಟೋಬರ್ 23ರಂದು ಬಿದ್ದದ್ದು ಆ ಗೋಡೆಯ ಮುಂದೆಯೇ. ಅಲ್ಲೇ ನನಗೆ ಬುದ್ಧಿ ಹೊಳೆಯಿತು. "ಸೈಮನ್ ಬ್ಯಾಡ. ಚೆನ್ನಮ್ಮ ಸೇಯ್ಸ್" ಅಂದೆ. "ಚೆನ್ನಮ್ಮ ಹೇಳಿದ್ದಷ್ಟ ಮಾಡ್ರಿ. ಹೆಸರಿಲ್ಲದ ಹುಕುಂ ಬಂತಂದ್ರ ಅದು ಥ್ಯಾಕರೆದು."

ಆಟ ನಿಂತೇ ಹೋಯಿತು. ಯಾಕೆಂದರೆ ಒಬ್ಬನೂ ಔಟಾಗಲಿಲ್ಲ. ನಾನು "ಸಿಟ್ ಡೌನ್" ಎಂದು ಗದರಿಸಿದೆ, ಬೇಡಿಕೊಂಡೆ, ಮೋಸದಿಂದ ಮೆಲ್ಲಗೆ ಅಂದೆ. ನಾಲ್ವತ್ತೆರಡು ಮಕ್ಕಳು ಕಂಬದಂತೆ ನಿಂತಿದ್ದವು. ಕಡೆಗೆ ಪಿರಿಯಡ್ ಮುಗಿದು ಗಣಿತದವರು ಬಂದು "ಕುಂದರ್ರಿ" ಅಂದರೂ ಕೂರಲಿಲ್ಲ. ಕಿತ್ತೂರಿನಲ್ಲಿ ಇಂಗ್ಲಿಷಿನ ಹುಕುಮಿಗೆ ಬೆಲೆ ಕಡಿಮೆ ಎಂದು ನನಗಿಂತ ಮೊದಲು ಕಲಿತವರಿದ್ದಾರೆ. ಆ ಥ್ಯಾಕರೆಯ ಅಣ್ಣನ ಮಗನೇ ಮುಂದೆ ಇಂಗ್ಲಿಷಿನ ದೊಡ್ಡ ಕಾದಂಬರಿಕಾರನಾದ. ಬಿ.ಎ.ಯಲ್ಲಿ ಅವನ ಕಾದಂಬರಿಯ ಮೇಲೆ ಹತ್ತು ಅಂಕದ ಪ್ರಶ್ನೆಗೆ ನಾನು ಎರಡು ಅಂಕ ಪಡೆದವನು. ಮನೆತನದ ಹಗೆ ಇನ್ನೂ ತೀರಿಲ್ಲ.

ಈ ಎದ್ದೇಳು-ಕೂಡು ಆಟಕ್ಕೆ ಶಾಸ್ತ್ರದ ಬೆಂಬಲವೂ ಇದೆ. 1960ರ ದಶಕದಲ್ಲಿ ಅಮೆರಿಕದ ಜೇಮ್ಸ್ ಆಶರ್ ಎಂಬ ಮನಶ್ಶಾಸ್ತ್ರಜ್ಞ ಹೇಳಿದ್ದಿಷ್ಟು: ಮಗುವಿನ ಬಾಯಿಗೆ ಗಂಟು ಬೀಳಬೇಡಿ. ಮೊದಲು ಕಿವಿಗೆ ಹಾಕಿ, ಮೈಯಿಂದ ಮಾಡಿಸಿ. ಮಾತು ತನ್ನ ಹೊತ್ತಿಗೆ ತಾನು ಬರುತ್ತದೆ. ನಮ್ಮ ಒಕ್ಕಲಿಗ ಇದನ್ನು ಕೇಳಿದರೆ ನಗುತ್ತಾನೆ. ಎತ್ತಿಗೆ ಅವನು ಕಲಿಸಿದ್ದೂ ಹಾಗೆಯೇ. ಎತ್ತು ಕನ್ನಡ ಮಾತಾಡುವುದಿಲ್ಲ, ಆದರೆ ಬಲಕ್ಕೆ ಅಂದರೆ ಬಲಕ್ಕೆ, ನಿಲ್ಲು ಅಂದರೆ ನಿಲ್ಲುತ್ತದೆ, ಮತ್ತು ಬೈದರೆ ಖಂಡಿತ ತಿಳಿಯುತ್ತದೆ. ಆಶರ್ ಸಾಹೇಬನ ಶಾಸ್ತ್ರದಲ್ಲಿ ಕೊರತೆಯಾದದ್ದು ಈ ಬೈಗುಳವೊಂದೇ.

ಎರಡನೆಯ ಪೆಟ್ಟು ಬಿದ್ದದ್ದು ಕಿವಿಮಾತಿನ ಆಟದಲ್ಲಿ. ಸಾಲಾಗಿ ಕೂರಿಸಿ ಮೊದಲನೆಯವನ ಕಿವಿಯಲ್ಲಿ ಒಂದು ಇಂಗ್ಲಿಷ್ ವಾಕ್ಯ ಉಸುರಬೇಕು, ಅದು ಕಿವಿಯಿಂದ ಕಿವಿಗೆ ದಾಟಿ ಕೊನೆಯವನ ಬಾಯಲ್ಲಿ ಹೊರಬೀಳಬೇಕು. ಅಂದು ಶುಕ್ರವಾರ. ವಾರದ ದಿನಗಳ ಪಾಠ ನಡೆದಿತ್ತಲ್ಲ ಎಂದು ನಾನು "ಟುಮಾರೋ ಈಸ್ ಸ್ಯಾಟರ್‌ಡೇ" ಎಂದು ಉಸುರಿದೆ. ಹದಿನೆಂಟನೆಯ ಕಿವಿಯ ಹತ್ತಿರ ಸಣ್ಣದೊಂದು ಸಂಭ್ರಮ ಕಂಡಿತು. ಇಂಗ್ಲಿಷ್ ಅಂದರೆ ಇಷ್ಟು ಖುಷಿಯೇ ಎಂದು ನಾನು ಹಿಗ್ಗಿದೆ. ಕೊನೆಯ ಹುಡುಗ ಎದ್ದು ನಿಂತು ಗಂಟಲು ಸರಿಪಡಿಸಿಕೊಂಡು ಘೋಷಿಸಿದ: "ನಾಳೆ ಸೂಟಿ!"

ನಾನು ತಿದ್ದಿದೆ. ಕರಿಹಲಗೆಯ ಮೇಲೆ ಬರೆದು ತಿದ್ದಿದೆ. ಆದರೆ ಗಾಳಿಗೆ ಬಿಟ್ಟ ಸುದ್ದಿಯನ್ನು ಕರಿಹಲಗೆ ಹಿಡಿದು ತರುತ್ತದೆಯೇ? ಮರುದಿನ ಶನಿವಾರ ಮುಂಜಾನೆಯ ಸಾಲಿಗೆ ಅರ್ಧ ತರಗತಿ ಬರಲಿಲ್ಲ. ಮುಖ್ಯ ಗುರುಗಳು ಕರೆದು, "ಏನ್ರಿ, ರಜೆ ಘೋಷಿಸೋ ಅಧಿಕಾರ ನಿಮಗ ಯಾವಾಗ ಬಂತು?" ಎಂದು ಕೇಳಿದರು. ಅದು ಭಾಷಾ ಚಟುವಟಿಕೆ ಎಂದೆ. "ಬರೆದು ಕೊಡ್ರಿ" ಅಂದರು. ಬರೆದುಕೊಟ್ಟೆ, ಇಂಗ್ಲಿಷಿನಲ್ಲಿ. ಅದನ್ನು ಯಾರೂ ಓದಲಿಲ್ಲವಾಗಿ ಬದುಕಿದೆ.

ಬೈಲಹೊಂಗಲದ ಕಡೆಗೆ ಬಂದಾಗ ಆದದ್ದು ನಗೆಯ ಮಾತಲ್ಲ, ಆದರೂ ಹೇಳಬೇಕು. ಇಂಗ್ಲಿಷ್ ಕಲಿಸುವವರು ಲೋಕದ ತುಂಬ ಆಡಿಸುವ ಒಂದು ಆಟವಿದೆ. ಶಬ್ದದ ಅಕ್ಷರಗಳ ಬದಲು ಗೆರೆ ಎಳೆದಿರುತ್ತಾರೆ, ಮಕ್ಕಳು ಒಂದೊಂದೇ ಅಕ್ಷರ ಊಹಿಸಬೇಕು. ತಪ್ಪಿದಾಗೊಮ್ಮೆ ಗಲ್ಲಿನ ಕಂಬ, ಹಗ್ಗ, ತಲೆ, ಕೈ, ಕಾಲು ಎಂದು ಚಿತ್ರ ಬೆಳೆಯುತ್ತದೆ. ಪೂರ್ತಿಯಾದರೆ ಮನುಷ್ಯ ನೇತಾಡಿದ, ಆಟ ಮುಗಿಯಿತು. ನಾನು ಕಂಬ ಬರೆದೆ, ಹಗ್ಗ ಬರೆದೆ, ತಲೆ ಬರೆಯಲು ಸೀಮೆಸುಣ್ಣ ಎತ್ತಿದೆ. ತರಗತಿ ತಣ್ಣಗಾಗಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಮೆಲ್ಲಗೆ ಕೇಳಿದ: "ಸರ, ಯಾರನ್ನ ಗಲ್ಲಿಗೆ ಹಾಕಾಕತ್ತೀರಿ?"

ಸಂಗೊಳ್ಳಿ ಅಲ್ಲಿಂದ ಎಷ್ಟು ದೂರ? ಸೈಕಲ್ ತುಳಿಯುವ ದೂರ. ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು ಆ ಮಕ್ಕಳಿಗೆ ಪುಸ್ತಕದ ಸುದ್ದಿಯಲ್ಲ, ಮನೆಯ ಸುದ್ದಿ. ಚೆನ್ನಮ್ಮ ಸೆರೆಯಲ್ಲೇ ಕಣ್ಣು ಮುಚ್ಚಿ ಮಣ್ಣಾದದ್ದೂ ಇದೇ ಬೈಲಹೊಂಗಲದಲ್ಲಿ. ಇಂಥ ನೆಲದಲ್ಲಿ ಇಂಗ್ಲಿಷ್ ಕಾಗುಣಿತ ಕಲಿಸಲು ನಾನು ಗಲ್ಲು ಕಟ್ಟುತ್ತಿದ್ದೆ! ಅಂಗೈಯಿಂದಲೇ ಅಳಿಸಿದೆ. ಅಳಿಸಿ, ಆ ಜಾಗದಲ್ಲಿ ಒಂದು ಬಸ್ಸು ಬರೆದೆ. ವಾಯವ್ಯ ಸಾರಿಗೆಯ ಬಸ್ಸು. ಮುಂದೆ ಎರಡು ಗಾಲಿ, ಹಿಂದೆ ನಾಲ್ಕು, ಒಟ್ಟು ಆರು. ಒಂದು ಅಕ್ಷರ ತಪ್ಪಿದರೆ ಒಂದು ಗಾಲಿ ಪಂಕ್ಚರ್. ಆರೂ ಹೋದವೆಂದರೆ ಬಸ್ಸು ಕೆಟ್ಟು ನಿಂತಿತು, ನಡೆದುಕೊಂಡು ಊರಿಗೆ ಹೋಗಿ.

ಅಂದಿನಿಂದ ಆ ಆಟದ ಮಾನವೇ ಬೇರೆಯಾಯಿತು. ದಿನಾ ಬಸ್ಸಿಗೆ ಜೋತುಬಿದ್ದು ಬರುವ ಮಕ್ಕಳಿಗೆ ನೇತಾಡುವ ಮನುಷ್ಯನಿಗಿಂತ ಕೆಟ್ಟು ನಿಂತ ಬಸ್ಸಿನ ಭಯ ಹೆಚ್ಚು. ಐದನೆಯ ಗಾಲಿ ಹೋದಾಗ ಅವರ ಮುಖ ನೋಡಬೇಕು. ಒಬ್ಬನಂತೂ ಎದ್ದು "ಸ್ಟೆಪ್ನಿ ಐತಿ ಸರ!" ಎಂದು ವಾದಕ್ಕೆ ನಿಂತ. ಒಪ್ಪಿಕೊಂಡೆ. ಬಸ್ಸಿನ ವಿಷಯದಲ್ಲಿ ಅವನು ನನ್ನ ಗುರು.

ಶಬ್ದಗಳ ಅಂತ್ಯಾಕ್ಷರಿಯ ಬಗ್ಗೆ ಹೆಚ್ಚು ಹೇಳಲಾರೆ, ಹೊಟ್ಟೆ ಉರಿಯುತ್ತದೆ. ಒಬ್ಬ "ರ್‍ಯಾಟ್" ಅಂದ, ಟಿ ಬಂತು. ಎದುರಿನವ "ಟೈಗರ್" ಅಂದ, ಆರ್ ಬಂತು. ಇವನು ಮತ್ತೆ "ರ್‍ಯಾಟ್". ಅವನು ಮತ್ತೆ "ಟೈಗರ್". ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಇಪ್ಪತ್ತು ನಿಮಿಷ ಇಲಿ ಹುಲಿಯನ್ನು, ಹುಲಿ ಇಲಿಯನ್ನು ಅಟ್ಟಿಸಿಕೊಂಡು ಓಡಿದವು. ಹೇಳಿದ್ದನ್ನೇ ಹೇಳಬಾರದು ಎಂಬ ನಿಯಮ ತಂದೆ. "ಇದು ಬ್ಯಾರೆ ಇಲಿ ಸರ" ಅಂದರು.

ಮಾತು ಸವದತ್ತಿಗೆ ಬರಬೇಕಿತ್ತು. ನನ್ನ ಆಟಗಳ ಸೊಕ್ಕು ಪೂರ್ತಿ ಇಳಿದದ್ದು ಅಲ್ಲಿ, ಯಲ್ಲಮ್ಮನ ಗುಡ್ಡದ ಮೇಲೆ. ಬನದ ಹುಣ್ಣಿವೆಯ ಜಾತ್ರೆ. ಉಧೋ ಉಧೋ ಎನ್ನುವ ಜನಸಾಗರ, ಗಾಳಿಯೆಲ್ಲ ಭಂಡಾರ. ನೋಡಿದರೆ ನನ್ನ ತರಗತಿಯ ಮೂಕಬಸವ! ಮೂರು ವರ್ಷದಿಂದ ಇಂಗ್ಲಿಷ್ ಪಿರಿಯಡ್ಡಿನಲ್ಲಿ "ಯೆಸ್ ಸರ್" ಬಿಟ್ಟರೆ ಎರಡಕ್ಷರ ಆಡದ ಹುಡುಗ, ತಳ್ಳುಗಾಡಿಯ ಮೇಲೆ ಕುಂಕುಮ, ಬಳೆ, ಕವಡೆ ಸರ ಹರವಿಕೊಂಡು ಕೊಲ್ಹಾಪುರದ ಹೆಂಗಸರನ್ನು "ಘ್ಯಾ ಮಾವಶಿ, ಘ್ಯಾ" ಎಂದು ಕರೆಯುತ್ತಿದ್ದಾನೆ. ಅವರೊಡನೆ ಮರಾಠಿಯಲ್ಲಿ ಚೌಕಾಸಿ, ಹಿಂದೆ ಬಂದವರೊಡನೆ ಹಿಂದಿ, ತೆಲುಗಿನವರು ಬಂದರೆ ಅಂಕಿಗಳೆಲ್ಲ ತೆಲುಗಿನಲ್ಲಿ. ಮಿಂಚುಪಟ್ಟಿ ಇಲ್ಲ, ಮುಖವಾಡ ಇಲ್ಲ, ಗಾಳಿಗೆ ಓಲಾಡುವ ಮರ ಇಲ್ಲ. ನನ್ನನ್ನು ಕಂಡು ನಾಚಿ, "ಬರ್ರಿ ಸರ, ಮನಿಯವರಿಗೆ ಬಳಿ ಒಯ್ರಿ" ಅಂದ. ಮಾವಶಿಗೆ ಮೂವತ್ತಕ್ಕೆ ಕೊಟ್ಟದ್ದನ್ನು ನನಗೆ ನಲವತ್ತಕ್ಕೆ ಕೊಟ್ಟ. ಮೂರು ವರ್ಷದ ಸೇಡು.

ಆಮೇಲೆ ನನಗೆ ಎಲಿಯಟ್ ಸಾಹೇಬ ನೆನಪಾದ. ಥ್ಯಾಕರೆ ಬಿದ್ದ ದಿನ ಕಿತ್ತೂರಿನವರ ಕೈಗೆ ಸೆರೆ ಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ವಾರಗಟ್ಟಲೆ ಕೋಟೆಯೊಳಗಿದ್ದು ಬಿಡುಗಡೆಯಾದ. ಮುಂದೆ ಇದೇ ಸೀಮೆಯಲ್ಲಿ ಸುತ್ತಿ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿ ಕೂಡಿಟ್ಟ. ಸೆರೆಯಲ್ಲಿ ಅವನಿಗೆ ಯಾವ ಆಟ ಆಡಿಸಿದರೋ ಚರಿತ್ರೆಯಲ್ಲಿಲ್ಲ. ಆದರೆ ಕೋಟೆಯೊಳಗೆ ಬಾಯಾರಿದವನು ನೀರಿಗೆ ಕನ್ನಡದಲ್ಲಿ ಏನನ್ನುತ್ತಾರೆಂದು ಬಹಳ ಬೇಗ ಕಲಿಯುತ್ತಾನೆ ಎಂಬುದು ನನ್ನ ಊಹೆ. ಗುಡ್ಡದ ಹುಡುಗನಿಗೆ ಮರಾಠಿ ಇಲ್ಲದಿದ್ದರೆ ಸಂಜೆಯ ದುಡ್ಡಿಲ್ಲ. ನನ್ನ ತರಗತಿಯಲ್ಲಿ ಇಂಗ್ಲಿಷ್ ಇಲ್ಲದಿದ್ದರೆ ಅವನಿಗೆ ಹೋಗುವುದೇನು? ಏನೂ ಇಲ್ಲ. ಬಿಸಿಯೂಟ ಹೇಗೂ ಸಿಗುತ್ತದೆ.

ಸರಿ, ಸಂತೆಯನ್ನೇ ಸಾಲಿಗೆ ತರೋಣ ಎಂದು ಮಕ್ಕಳ ಸಂತೆ ಮಾಡಿದೆವು. ಮೊದಲ ಅರ್ಧ ತಾಸು ಇಂಗ್ಲಿಷಿನಲ್ಲೇ ಮಾರಬೇಕು ಎಂದು ನನ್ನ ಕಟ್ಟಪ್ಪಣೆ. ಬದನೆಕಾಯಿ ಗುಡ್ಡೆ ಹಾಕಿಕೊಂಡ ಹುಡುಗ "ಬ್ರಿಂಜಾಲ್! ಬ್ರಿಂಜಾಲ್! ಟ್ವೆಂಟಿ ರುಪೀಸ್!" ಎಂದು ಕೂಗಿದ. ಮೊಮ್ಮಗನನ್ನು ನೋಡಲು ಬಂದಿದ್ದ ಆಯಿಯೊಬ್ಬರು ಮುಂದೆ ನಿಂತು, "ಎಪ್ಪಾ, ಇವು ಬದನಿಕಾಯಿ ಹಂಗ ಕಾಣತಾವಲ್ಲ?" ಅಂದರು. ಹುಡುಗ ನನ್ನ ಕಡೆ ನೋಡಿದ. ನಾನು ಕಣ್ಣು ದೊಡ್ಡದು ಮಾಡಿದೆ. "ನೋ ಆಯಿ, ಬ್ರಿಂಜಾಲ್." "ಅಂದ್ರ ಬದನಿಕಾಯಿ ಅಲ್ಲ?" "ನೋ." ಆಯಿ ಮುಂದಿನ ಗುಡ್ಡೆಗೆ ಹೋಗಿ, ಅಲ್ಲಿ ಕದ್ದು ಕನ್ನಡ ಮಾತಾಡುತ್ತಿದ್ದ ಹುಡುಗಿಯ ಹತ್ತಿರ ಬದನೆಕಾಯಿ ಕೊಂಡರು. ಅವಳನ್ನು ಔಟ್ ಮಾಡಬೇಕೋ ಬಹುಮಾನ ಕೊಡಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಗೆದ್ದ ಆಟ ಒಂದೇ ಒಂದು. ಅದು ನಡೆದದ್ದು ರಾಮದುರ್ಗದ ಕಡೆ, ಯಾವ ತರಬೇತಿಯಲ್ಲೂ ಕೊಟ್ಟದ್ದಲ್ಲ, ಗಂಟಲು ಕೆಟ್ಟು ಪಾಠ ಮಾಡಲಾಗದ ದಿನ ಹುಟ್ಟಿದ್ದು. "ನಿಮ್ಮ ಮನ್ಯಾಗ ಎಷ್ಟ ಇಂಗ್ಲಿಷ್ ಶಬ್ದ ಅಡಗಿ ಕುಂತಾವು, ಹಿಡಕೊಂಡು ಬರ್ರಿ" ಅಂದೆ, ಅಷ್ಟೇ. ಮರುದಿನ ಬೇಟೆಯ ಮೇಲೆ ಬೇಟೆ. ಟ್ರ್ಯಾಕ್ಟರಿನವನ ಮಗ ಹೈಡ್ರಾಲಿಕ್, ರೋಟಾವೇಟರ್, ಬೇರಿಂಗ್, ಗ್ರೀಸ್ ತಂದ. ಸಂಘಕ್ಕೆ ಹೋಗುವವಳ ಮಗಳು ಲೋನ್, ಮೀಟಿಂಗ್, ಪಾಸ್‌ಬುಕ್, ಸೈನ್ ತಂದಳು. ಕಂಡಕ್ಟರನ ಮಗ "ಹೋಲ್ಡಾನ್" ತಂದ. ಅದು ಎರಡು ಶಬ್ದ ಎಂದು ಅವನಿಗೆ ತಿಳಿಸಿದಾಗ, ಒಂದಕ್ಕೆ ಎರಡು ಸಿಕ್ಕಿತೆಂದು ಕುಣಿದ. ಒಬ್ಬ ಬರೀ ಒಂದೇ ಶಬ್ದ ತಂದಿದ್ದ, ಟೆನ್ಷನ್. "ನಮ್ಮಪ್ಪಗ ಐತ್ರೀ."

ನೇಕಾರರ ಹುಡುಗನ ಪಟ್ಟಿ ಮಾತ್ರ ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಕೇಳಿದ್ದಕ್ಕಿಂತ ಹೆಚ್ಚು ಬರೆದಿದ್ದ. ಒಂದು ಕಡೆ ಅಜ್ಜನ ಕೈಮಗ್ಗದ ಶಬ್ದ: ಲಾಳಿ, ಕಂಡಿಕೆ, ಹಾಸು, ಹೊಕ್ಕು. ಇನ್ನೊಂದು ಕಡೆ ಅಪ್ಪನ ಪವರ್‌ಲೂಮಿನದು: ಶಟಲ್, ಬಾಬಿನ್, ಬೀಮ್, ಮೋಟರ್, ಸ್ಟಾರ್ಟರ್, ಫ್ಯೂಜ್. ಅಜ್ಜನ ಮಗ್ಗ ಕನ್ನಡದಲ್ಲಿ ನೇಯುತ್ತಿತ್ತು, ಅಪ್ಪನದು ಇಂಗ್ಲಿಷಿನಲ್ಲಿ ನೇಯುತ್ತದೆ, ಸೀರೆ ಮಾತ್ರ ಅದೇ. ಮನೆಮಾತಿನ ಹಿಂದೆ ಬಿದ್ದ ಮೊದಲ ಇಂಗ್ಲಿಷ್ ಮಾಸ್ತರ ನಾನೇನಲ್ಲ ಬಿಡಿ. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಕೆ. ರಾಮಾನುಜನ್ ಪಾಠ ಮುಗಿದ ಮೇಲೆ ಇಲ್ಲಿನವರ ಬಾಯಿಂದ ಕನ್ನಡ ಕತೆ ಕೇಳಿ ಬರೆದುಕೊಂಡರು. ಅವರು ಷಿಕಾಗೋಕ್ಕೆ ಹೋದರು. ನನ್ನ ವರ್ಗ ಬೈಲಹೊಂಗಲಕ್ಕಾಯಿತು.

ಇಷ್ಟು ವರ್ಷದ ಆಟದಲ್ಲಿ ನಾನು ಕಂಡುಕೊಂಡ ಒಂದು ಗುಟ್ಟಿದೆ, ತರಬೇತಿಯಲ್ಲಿ ಹೇಳಿದರೆ ನಕ್ಕಾರು. ಆಟ ಇಂಗ್ಲಿಷಿನದೇ ಆದರೂ ಜಗಳ ಕನ್ನಡದ್ದೇ. "ಯುವರ್ ಟರ್ನ್" ಎಂದು ಕಲಿಸಿದ್ದನ್ನು ಗಿಳಿಯಂತೆ ಹೇಳುತ್ತಾರೆ. ಸರದಿ ತಪ್ಪಿತೋ, "ಏ ಮಗನ, ನಂದ ಐತಿ ಪಾಳಿ" ಎಂದು ಕೊರಳಪಟ್ಟಿಗೆ ಕೈ. ಕೊರಳಪಟ್ಟಿ ಹಿಡಿದಾಗ ಬರುವುದೇ ಅವರ ನಿಜವಾದ ಭಾಷೆ, ಉಳಿದದ್ದು ನನ್ನ ಸಂಬಳಕ್ಕಾಗಿ ಆಡುವ ನಾಟಕ. ಹೀಗಾಗಿ ತನಿಖೆಗೆ ಬಂದವರು "ಮಕ್ಕಳ ಮಟ್ಟ ಹೆಂಗೈತ್ರಿ?" ಎಂದು ಕೇಳಿದರೆ ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ, ಇನ್ನೂ ಜಗಳಾಡಿಲ್ಲ ಸಾಹೇಬರ.

ಹೋದ ವಾರ ಬಸ್ಸಿನ ಆಟ ನಡೆದಿತ್ತು. ಐದು ಗಾಲಿ ಪಂಕ್ಚರ್, ಒಂದೇ ಉಳಿದಿದೆ, ಬಿಸಿಯೂಟಕ್ಕೆ ಹತ್ತು ನಿಮಿಷ. ಕಿಟಕಿ ಕಡೆಯ ತಂಡದವರು ಪಾಟಿಯ ಮೇಲೆ ಏನೋ ಬರೆದು ಮುಚ್ಚಿಟ್ಟುಕೊಂಡಿದ್ದರು. ಬಾಗಿಲ ಕಡೆಯ ಹುಡುಗಿ ಕುತ್ತಿಗೆ ಉದ್ದ ಮಾಡಿದಳು. ಕಿಟಕಿ ಪಕ್ಕದ ಒಬ್ಬ, ಹೆಸರು ಕರೆದಾಗ ಬಿಟ್ಟರೆ ಬಾಯಿ ಬಿಡದವನು, ಎದ್ದು ನಿಂತ. ಕಿವಿ ಕೆಂಪಾಗಿತ್ತು.

"ಸರ! ಶೀ ಸೀ! ಶೀ ಸೀ ಮೈ ಪಾಟಿ! ತ್ರೀ ಟೈಮ್ ಶೀ ಸೀ!"

ಒಂದೇ ಉಸಿರಿನಲ್ಲಿ ನಾಲ್ಕು ತಪ್ಪು. ತಿದ್ದಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆಯಿಂದ, "ನೋ ಸರ! ಐ ನೋ ಸೀ! ಹೀ ಲೈ! ಯೆಸ್ಟರ್‌ಡೇ ಆಲ್ಸೋ ಹೀ ಲೈ!" ಎಂದು ಗುಂಡು ಬಂತು. ಇವನು "ಯೂ ಲೈ!" ಅಂದ. ಅವಳು "ಯುವರ್ ಫುಲ್ ಟೀಮ್ ಲೈ!" ಅಂದಳು. ಎರಡೂ ತಂಡ ಎದ್ದು ನಿಂತವು. ನಾನು ಸೀಮೆಸುಣ್ಣ ಕೆಳಗಿಟ್ಟು ಕುರ್ಚಿಯ ಮೇಲೆ ಕೂತೆ. ಊಟದ ಗಂಟೆ ಬಾರಿಸಿತು. ಯಾರೂ ಕದಲಲಿಲ್ಲ.

ಕಾಲು ತಾಸು ಕಾದು ಅಡಿಗೆಯ ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಅನ್ನ ಆರಿ ಕಲ್ಲಾಗೇತಿ, ಇಲ್ಲೇನು ಸಂತಿ ಹಚ್ಚೀರಿ? ಗುರುಗಳ, ನಿಮಗಾರ ತಿಳೀಬಾರದ?" ಎಂದು ಅಚ್ಚ ಕನ್ನಡದಲ್ಲಿ ಬೈದಳು. ಎಲ್ಲರೂ ತಟ್ಟೆ ಹಿಡಿದು ಓಡಿದರು. ನಾನೂ.